ಬ್ಲಾಕ್ ಮುಟ್ಟಿದ್ದು ಯಾರು

ಮಾರ್ಚ್ 3

ಅತ್ತಿಗೆ,

ನೀವು ಕಳಿಸಿದ ಪೆಟ್ಟಿಗೆ ಹೋದ ವಾರ ಸೋಮವಾರ ಕೈಗೆ ಬಂತು. ಸ್ಪೈಕ್ಸ್ ಶೂ ಚೆನ್ನಾಗಿವೆ. ಆ ನೀಲಿ ಬಣ್ಣ ಇಲ್ಲಿ ಇನ್ನೊಬ್ಬರ ಹತ್ತಿರ ಇಲ್ಲ. ಶಿಬಿರದಲ್ಲಿ ಎಲ್ಲರೂ ಮೊದಲು ನನ್ನ ಕಾಲು ನೋಡಿ ಆಮೇಲೆ ಮುಖ ನೋಡುತ್ತಿದ್ದಾರೆ. ಹಳೇ ಜೋಡಿ ಹೆಬ್ಬೆರಳ ಹತ್ತಿರ ಬಾಯಿ ಬಿಟ್ಟಿದೆ ಅಂತ ನಿಮಗೆ ಹೇಳಿದ್ದು ಅಣ್ಣನೇ ಇರಬೇಕು. ನಾನಂತೂ ಹೇಳಿರಲಿಲ್ಲ.

ಈ ಕಾಲದಲ್ಲಿ ಪತ್ರ ಯಾಕೆ ಅಂತ ಕೇಳಬೇಡಿ. ನಮ್ಮ ಫೋನುಗಳೆಲ್ಲ ಕಚೇರಿಯ ಬೀರುವಿನಲ್ಲಿವೆ. ಭಾನುವಾರ ಒಂದು ಸಲ ಕೈಗೆ ಕೊಡುತ್ತಾರೆ, ಅಲ್ಲೇ ನಿಂತು ಮಾತಾಡಬೇಕು, ಬೆನ್ನ ಹಿಂದೆ ಸಾಲು ನಿಂತಿರುತ್ತದೆ. ಆ ಸಾಲಿನಲ್ಲಿ ಸರಿಯಾಗಿ ನನ್ನ ಹಿಂದೆ ನಿಲ್ಲುವವಳು ಕೊಕ್ಕರೆ. ನಾನು ಹೇಳಬೇಕಾದ್ದು ಅವಳ ವಿಷಯವೇ.

ಕೊಕ್ಕರೆ ನನ್ನ ರೂಮಿನವಳು. ಕತ್ತು ಉದ್ದ, ಕಾಲು ಉದ್ದ, ಮಾತು ಗಿಡ್ಡ. ನನಗೆ ಮಿಡತೆ ಅಂತ ಹೆಸರಿಟ್ಟವಳು ಅವಳು, ಅವಳಿಗೆ ಕೊಕ್ಕರೆ ಅಂತ ಇಟ್ಟವಳು ನಾನು. ಇಡೀ ಶಿಬಿರದಲ್ಲಿ ಅಡ್ಡ ಹಲಗೆ ಹಾರಿ ಹರ್ಡಲ್ಸ್ ಓಡುವ ಹೆಂಗಸರು ನಾವಿಬ್ಬರೇ. ಮೇ ತಿಂಗಳಲ್ಲಿ ಖಂಡ ಮಟ್ಟದ ಕೂಟ. ಅಲ್ಲಿಗೆ ಹೋಗುವವಳು ಒಬ್ಬಳೇ. ಏಪ್ರಿಲ್‌ನಲ್ಲಿ ಆಯ್ಕೆಯ ಓಟ. ಒಂದೇ ರೂಮಿನಲ್ಲಿ ಮಲಗಿ, ಒಂದೇ ಕನ್ನಡಿಯಲ್ಲಿ ತಲೆ ಬಾಚಿಕೊಂಡು, ಒಬ್ಬರ ಸೋಲಿಗೆ ಇನ್ನೊಬ್ಬರು ಕಾಯುವುದು ಎಂಥ ಬಾಳು ಅಂತ ನಿಮಗೆ ಹೇಗೆ ಹೇಳಲಿ.

ಹೋದ ವಾರದಿಂದ ನಾನು ಮೊದಲನೆಯ ಹರ್ಡಲ್ ಬಡಿಯುತ್ತಿದ್ದೇನೆ. ಹಾರುವ ಜಾಗಕ್ಕೆ ಬಂದಾಗ ಹಲಗೆ ಇನ್ನೂ ದೂರ ಇರುತ್ತದೆ. ಎಟುಕಿಸಿ ಹಾರಿದರೆ ಹಿಂದಿನ ಮೊಣಕಾಲು ತಗುಲುತ್ತದೆ. ಮೊದಲನೆಯದು ಕೆಟ್ಟರೆ ಉಳಿದ ಒಂಬತ್ತೂ ಕೆಟ್ಟ ಹಾಗೆ. ಆಮೇಲೆ ಸಾವರಿಸಿಕೊಳ್ಳಲು ಸಮಯವೇ ಇರುವುದಿಲ್ಲ.

ಓಟಕ್ಕೆ ಮೊದಲು ಪಾದ ಒತ್ತಿ ನಿಲ್ಲುವ ಬ್ಲಾಕನ್ನು ನಾನು ಇಡುವುದು ಹೇಗೆ ಅಂತ ನಿಮಗೆ ಗೊತ್ತು, ಶಾಲೆಯ ಡ್ರಿಲ್ ಮೇಷ್ಟ್ರು ಕಲಿಸಿದ ಹಾಗೆ. ಓಟ ಶುರುವಾಗುವ ಗೆರೆಯಿಂದ ಹಿಂದಕ್ಕೆ, ಹಿಮ್ಮಡಿಗೆ ಬೆರಳು ತಾಗಿಸಿ ಪಾದದಲ್ಲೇ ಅಳೆಯುವುದು. ಬೇರೆಯವರೆಲ್ಲ ಟೇಪು ಹಿಡಿಯುತ್ತಾರೆ. ಕೋಚ್ ಮೇಡಂ ನೋಡಿದಾಗಲೆಲ್ಲ, "ಏನೇ, ಹಿತ್ತಲಲ್ಲಿ ಗಿಡ ನೆಡ್ತಿದ್ದೀಯಾ?" ಅಂತ ನಗುತ್ತಾರೆ. ನಗಲಿ. ನನ್ನ ಪಾದ ನನಗೆ ಇಷ್ಟು ವರ್ಷ ಮೋಸ ಮಾಡಿಲ್ಲ.

ಬ್ಲಾಕ್ ಇಟ್ಟು ನಾನು ಮೈ ಬಿಸಿ ಮಾಡಿಕೊಳ್ಳಲು ಆಚೆ ತುದಿಗೆ ಹೋಗುತ್ತೇನೆ. ಆಗ ಗೆರೆಯ ಹತ್ತಿರ ಉಳಿಯುವವಳು ಕೊಕ್ಕರೆ ಒಬ್ಬಳೇ. ಯಾರೋ ನನ್ನ ಬ್ಲಾಕನ್ನು ಒಂದಿಷ್ಟು ಹಿಂದಕ್ಕೆ ಸರಿಸುತ್ತಿದ್ದಾರೆ, ಅತ್ತಿಗೆ. ನಿನ್ನೆ ಹರ್ಡಲ್ ಬಡಿದು ಬಿದ್ದು, ಎದ್ದು ಬಂದು ಮತ್ತೆ ಅಳೆದು ನೋಡಿದೆ. ಸರಿಯಾಗಿಯೇ ಇತ್ತು. ಅಂದರೆ ನಾನು ಬಿದ್ದು ಏಳುವಷ್ಟರಲ್ಲಿ ವಾಪಸ್ಸು ಇಟ್ಟಿದ್ದಾಳೆ. ಎಷ್ಟು ಚುರುಕು ನೋಡಿ.

ಅಣ್ಣನಿಗೆ ಹೇಳಬೇಡಿ. ಅವನು ನಗುತ್ತಾನೆ.

ನಿಮ್ಮ
ಮಿಡತೆ

---

ಮಾರ್ಚ್ 12

ಮಿಡತೆ,

ಹೆಸರು ಚೆನ್ನಾಗಿದೆ. ನಾನು ಮದುವೆಯಾಗಿ ಬಂದ ದಿನ ನೀನು ಕಿಟಕಿಯಿಂದ ಹಾರಿ ನನ್ನ ಕಾಲ ಬುಡಕ್ಕೆ ಬಿದ್ದೆಯಲ್ಲ, ಅವತ್ತೇ ನಾನು ಇಡಬೇಕಿತ್ತು.

ನಿನ್ನಣ್ಣನಿಗೆ ಹೇಳಿಲ್ಲ. ಲಿಫ್ಟ್ ರಿಪೇರಿ ಮಾಡುವ ಮನುಷ್ಯನಿಗೆ ಇಡೀ ಲೋಕ ಒಳ್ಳೆಯದು, ಲಿಫ್ಟ್ ಒಂದು ಬಿಟ್ಟು. ನನ್ನ ಕೆಲಸ ಹಾಗಲ್ಲ. ದೊಡ್ಡ ಬಟ್ಟೆ ಅಂಗಡಿಯ ಬಾಗಿಲಲ್ಲಿ ಬೆಳಗಿನಿಂದ ಸಂಜೆವರೆಗೂ ಹೆಂಗಸರ ಚೀಲ ತಡಕುವವಳು ನಾನು. ಮೂರನೇ ಮಹಡಿಯಿಂದ ಮೆಟ್ಟಿಲಿಳಿಯುವಾಗಲೇ ನನಗೆ ಗೊತ್ತಾಗಿಬಿಡುತ್ತದೆ, ಯಾರ ಹೊಟ್ಟೆಯ ಹತ್ತಿರ ಸೀರೆ ಜಾಸ್ತಿ ಇದೆ ಅಂತ. ನಿನಗೆ ಅನುಮಾನ ಬಂದಿದ್ದರೆ ಸುಮ್ಮನೆ ಬಂದಿರುವುದಿಲ್ಲ. ಅನುಮಾನ ಅನ್ನುವುದು ಮೂಗಿದ್ದ ಹಾಗೆ, ಇರುವವರಿಗೆ ವಾಸನೆ ಬರುತ್ತದೆ.

ಆದರೆ ಸುಮ್ಮನೆ ಹೋಗಿ ಜಗಳ ತೆಗೆಯಬೇಡ. ಕೈಗೆ ಸಿಗದೆ ಬಾಯಿ ಬಿಟ್ಟರೆ ನೀನೇ ಕೆಟ್ಟವಳಾಗುತ್ತೀಯ. ನಮ್ಮ ಅಂಗಡಿಯಲ್ಲಿ ಗೋದಾಮಿಗೆ ಯಾರೋ ನುಗ್ಗುತ್ತಿದ್ದಾರೆ ಅಂದಾಗ ನಾನೇನು ಮಾಡಿದೆ ಗೊತ್ತಾ? ಬಾಗಿಲ ಹತ್ತಿರ ನೆಲಕ್ಕೆ ಪೌಡರ್ ಉದುರಿಸಿದೆ. ಮಾರನೆಯ ದಿನ ಬೆಳಿಗ್ಗೆ ಲೆಕ್ಕದವನ ಚಪ್ಪಲಿಯ ಗುರುತು ಅಚ್ಚೊತ್ತಿದ ಹಾಗೆ ಕೂತಿತ್ತು. ನೀನೂ ಹಾಗೇ ಮಾಡು. ನಿನ್ನ ಮುಖದ ಪೌಡರ್ ಡಬ್ಬಿ ಇದೆಯಲ್ಲ, ಬಾಚಿಕೊಳ್ಳುವುದಕ್ಕಿಂತ ಹೆಚ್ಚು ಅದನ್ನೇ ಬಳಿದುಕೊಳ್ಳುತ್ತೀಯ. ಬ್ಲಾಕಿನ ಸುತ್ತ ತೆಳ್ಳಗೆ ಉದುರಿಸಿ ಹೋಗು.

ಇನ್ನೊಂದು. ಸಿಕ್ಕಿಬಿದ್ದಾಗ ಮುಖ ನೋಡು. ನಿಜವಾಗಿ ಕದ್ದವಳು ರೇಗುತ್ತಾಳೆ, ನನ್ನ ಮೇಲೆ ಕೈ ಇಟ್ಟರೆ ನೋಡು ಅನ್ನುತ್ತಾಳೆ. ಕದಿಯದವಳು ಅಳುತ್ತಾಳೆ. ಇಷ್ಟು ವರ್ಷದಲ್ಲಿ ಇದು ತಪ್ಪಿದ್ದು ನಾನು ಕಂಡಿಲ್ಲ.

ಶೂ ವಿಷಯದಲ್ಲಿ "ಚೆನ್ನಾಗಿವೆ" ಅಂತ ಒಂದೇ ಮಾತು ಬರೆದಿದ್ದೀಯ. ಕಾಲಿಗೆ ಸರಿಯಾಗಿ ಕೂತಿವೆ ತಾನೆ? ಬಿಡು, ಕೂತಿರುತ್ತವೆ.

ನಿನ್ನ ಅತ್ತಿಗೆ

---

ಮಾರ್ಚ್ 24

ಅತ್ತಿಗೆ,

ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು. ಸಿಕ್ಕಿಬಿದ್ದಳು.

ಮಂಗಳವಾರ ಬೆಳಿಗ್ಗೆ ಬ್ಲಾಕ್ ಅಳೆದು ಇಟ್ಟೆ. ಯಾರೂ ನೋಡದ ಹಾಗೆ ಬಗ್ಗಿ, ಲೇಸು ಕಟ್ಟುವ ನೆಪದಲ್ಲಿ ಸುತ್ತಲೂ ಪೌಡರ್ ಉದುರಿಸಿದೆ. ಆಚೆ ತುದಿಗೆ ಹೋಗಿ, ಕೈಕಾಲು ಆಡಿಸುತ್ತಾ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಲೇ ಇದ್ದೆ. ನಡುವೆ ಹುಡುಗರ ಗುಂಪು ಅಡ್ಡ ಬಂತು. ಅವರು ಸರಿದಾಗ ಕೊಕ್ಕರೆ ನನ್ನ ಓಟದ ಲೇನಿನಿಂದ ಹೊರಗೆ ಬರುತ್ತಿದ್ದಳು. ಓಡಿಬಂದು ನೋಡಿದರೆ ಬ್ಲಾಕಿನ ಪಕ್ಕದಲ್ಲೇ ಅವಳ ಶೂ ಗುರುತು. ಇನ್ನೇನು ಅನುಮಾನ?

"ಇಲ್ಲಿಗೆ ಯಾಕೆ ಬಂದಿದ್ದೆ?" ಅಂದೆ.

"ಬಾಟಲಿ ತಗೊಳ್ಳೋಕೆ."

ಅವಳ ಬಾಟಲಿ ಆ ಕಡೆ ಬೆಂಚಿನ ಮೇಲಿತ್ತು. ನಾನು ಬೆರಳು ಮಾಡಿ ತೋರಿಸಿದೆ. ಅವಳ ಮುಖ ಬಿಳುಪೇರಿತು. ಅಷ್ಟರಲ್ಲಿ ಕೋಚ್ ಮೇಡಂ ಬಂದರು, ಪೌಡರ್ ನೋಡಿದರು, ಏನಿದು ಅಂದರು. ನಾನು ಎಲ್ಲ ಹೇಳಿದೆ. ಅವಳನ್ನು ಕೇಳಿದರು. ಅವಳು ನೆಲ ನೋಡಿಕೊಂಡು ನಿಂತಳು, ಬಾಯಿ ಬಿಡಲಿಲ್ಲ. ಇನ್ನೊಬ್ಬರ ಬ್ಲಾಕ್, ಶೂ, ನೀರಿನ ಬಾಟಲಿ, ಏನನ್ನೂ ಮುಟ್ಟಬಾರದು ಅನ್ನುವುದು ಇಲ್ಲಿನ ಮೊದಲ ನಿಯಮ. ಸಂಜೆ ಶಿಬಿರದ ಮ್ಯಾನೇಜರ್ ಕರೆಸಿ ಇಬ್ಬರನ್ನೂ ಬೇರೆ ಬೇರೆ ವಿಚಾರಿಸಿದರು. ಅವಳನ್ನು ನನ್ನ ರೂಮಿನಿಂದ ತೆಗೆದಿದ್ದಾರೆ.

ಈಗ ರೂಮು ಪೂರ್ತಿ ನನ್ನದು. ಎದುರು ಮಂಚದ ಮೇಲೆ ಹಾಸಿಗೆ ಸುತ್ತಿಟ್ಟಿದೆ. ಹಿಂದೆಲ್ಲ ಅವಳು ಬೇಗ ಎದ್ದು ಸದ್ದಾಗದ ಹಾಗೆ ಬಾಗಿಲು ಹಾಕಿಕೊಂಡು ಹೋಗುತ್ತಿದ್ದಳು. ನನ್ನ ನಿದ್ದೆ ಕೆಡಬಾರದು ಅಂತ ಅಂದುಕೊಂಡಿದ್ದೆ. ಈಗ ಗೊತ್ತಾಯಿತು ಎಲ್ಲಿಗೆ ಹೋಗುತ್ತಿದ್ದಳು ಅಂತ.

ಶೂ ಬಗ್ಗೆ ಕೇಳಿದ್ದಿರಿ. ನನ್ನ ಪಾದಕ್ಕೆ ಅಚ್ಚು ತೆಗೆದು ಹೊಲಿದ ಹಾಗಿವೆ.

ನಿಮ್ಮ
ಮಿಡತೆ

---

ಏಪ್ರಿಲ್ 2

ಮಿಡತೆ,

ನಿನ್ನ ಪತ್ರವನ್ನು ಊಟದ ಹೊತ್ತಿನಲ್ಲಿ ಅಂಗಡಿಯ ಹೆಂಗಸರಿಗೆಲ್ಲ ಓದಿ ಹೇಳಿದೆ. ಪೌಡರ್ ಅಂದಾಗ ಎಲ್ಲರೂ ನನ್ನ ಕಡೆ ನೋಡಿದರು. ಹೆಮ್ಮೆಪಡಬಾರದು ಅಂತಾರೆ, ನಾನು ಪಟ್ಟೆ.

ನಿನ್ನಣ್ಣನಿಗೂ ಈಗ ಹೇಳಿದೆ. "ಆ ಹುಡುಗಿ ಏನಂದಳು?" ಅಂತ ಒಂದೇ ಮಾತು ಕೇಳಿದ. ಬಾಟಲಿ ಅಂದಳಂತೆ ಅಂದೆ. "ಆಮೇಲೆ?" ಅಂದ. ಆಮೇಲೆ ಏನೂ ಅನ್ನಲಿಲ್ಲವಂತೆ ಅಂದೆ. ಅವನು ಸ್ಕ್ರೂಡ್ರೈವರ್ ಒರೆಸುತ್ತಾ ಕೂತ. ಅವನ ಸ್ವಭಾವವೇ ಹಾಗೆ, ತಲೆ ಕೆಡಿಸಿಕೊಳ್ಳಬೇಡ.

ಆದರೆ ಒಂದು ಮಾತು ಬಿಟ್ಟಿದ್ದೀಯ. ಅವಳು ರೇಗಿದಳಾ, ಅತ್ತಳಾ? ಮುಖ ಬಿಳುಪೇರಿತು ಅಂತ ಬರೆದೆ. ಅದು ಎರಡಕ್ಕೂ ಆಗುತ್ತದೆ. ಆಮೇಲೆ ಏನಾಯಿತು ಅಂತ ಬರಿ.

ಈಗ ಹರ್ಡಲ್ ಸರಿಯಾಗಿ ಹಾರುತ್ತಿದ್ದೀಯ ತಾನೆ? ಅದನ್ನೂ ಬರೆದಿಲ್ಲ.

ನಿನ್ನ ಅತ್ತಿಗೆ

---

ಏಪ್ರಿಲ್ 15

ಅತ್ತಿಗೆ,

ಆಯ್ಕೆಯಾಯಿತು. ಖಂಡದ ಕೂಟಕ್ಕೆ ನಾನೇ. ಮೊದಲು ಇದನ್ನು ಅಮ್ಮನ ಫೋಟೋ ಮುಂದೆ ನಿಂತು ಹೇಳಿ, ಆಮೇಲೆ ಅಣ್ಣನಿಗೆ ಹೇಳಿ.

ಕೊಕ್ಕರೆ ಆಯ್ಕೆಯ ಓಟದಲ್ಲಿ ಇರಲಿಲ್ಲ. ಅವಳನ್ನು ಮನೆಗೆ ಕಳಿಸಿದರು, ಒಂದು ವರ್ಷ ಯಾವ ಕೂಟದಲ್ಲೂ ಓಡುವ ಹಾಗಿಲ್ಲ. ಇಷ್ಟು ದೊಡ್ಡದಾಗುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಆದರೆ ಬ್ಲಾಕಿನ ಮೇಲೆ ಕೈ ಇಟ್ಟದ್ದನ್ನು ನಾನು ಕಣ್ಣಾರೆ ನೋಡಿದೆ ಅಂದ ಮೇಲೆ ಅವರಾದರೂ ಏನು ಮಾಡುತ್ತಾರೆ? ನಿಯಮ ಅಂದರೆ ನಿಯಮ. ಮ್ಯಾನೇಜರ್ ನನ್ನ ಬೆನ್ನು ತಟ್ಟಿ, "ಧೈರ್ಯವಾಗಿ ಹೇಳಿದೆ, ಒಳ್ಳೇದಾಯ್ತು," ಅಂದರು.

ಓಟದಲ್ಲಿ ಹೊರಗಿನಿಂದ ಕರೆಸಿದ ಜೂನಿಯರ್ ಹುಡುಗಿಯರು ಇದ್ದರು, ಗೆಲ್ಲುವುದು ಕಷ್ಟವಾಗಲಿಲ್ಲ. ಆದರೆ ಅವತ್ತೂ ಮೊದಲನೆಯ ಹರ್ಡಲ್ ತಗುಲಿತು. ಇಲ್ಲೇ ನನಗೆ ತಲೆಯಲ್ಲಿ ಹುಳ ಬಿಟ್ಟ ಹಾಗಾಗಿದೆ. ಬ್ಲಾಕ್ ಹತ್ತಿರ ಮೇಡಂ ಅವರೇ ನಿಂತಿದ್ದರು, ಯಾರೂ ಸುಳಿದಿಲ್ಲ. ಹಾಗಾದರೆ ಹರ್ಡಲ್ಲೇ ಸರಿದಿರಬೇಕು. ಅದನ್ನು ಜೋಡಿಸುವವನು ಟ್ರ್ಯಾಕ್ ನೋಡಿಕೊಳ್ಳುವ ಮುದುಕ. ಅವನು ಕೊಕ್ಕರೆಯ ಹತ್ತಿರ ನಕ್ಕು ಮಾತಾಡುತ್ತಿದ್ದ, ಅವಳು ಹೊರಡುವ ದಿನ ಅವಳ ಟ್ರಂಕು ಗೇಟಿನವರೆಗೂ ಹೊತ್ತುಕೊಂಡು ಹೋದ. ನನ್ನ ಕಂಡರೆ ಮುಖ ತಿರುಗಿಸುತ್ತಾನೆ. ಅವನ ಮೇಲೂ ಒಂದು ಕಣ್ಣಿಟ್ಟಿದ್ದೇನೆ.

ಊಟದ ಮನೆಯಲ್ಲಿ ನಾನು ಕೂತರೆ ಮಾತು ನಿಲ್ಲುತ್ತದೆ. ಅಸೂಯೆ. ಇನ್ನೇನು?

ಹದಿನೈದು ದಿನದಲ್ಲಿ ಹೊರಡುತ್ತೇವೆ. ಪತ್ರ ಬರೆದರೆ ಶಿಬಿರದ ವಿಳಾಸಕ್ಕೇ ಬರೆಯಿರಿ, ತಂಡದ ಡಾಕ್ಟರು ನಮ್ಮ ನಂತರ ಹೊರಟು ಬರುತ್ತಾರೆ, ಅವರು ತಂದುಕೊಡುತ್ತಾರೆ.

ಮಿಡತೆ

---

ಏಪ್ರಿಲ್ 24

ಮಿಡತೆ,

ಅಮ್ಮನ ಫೋಟೋಗೆ ಹೇಳಿದೆ. ನಿನ್ನಣ್ಣ ಕೆಲಸದಿಂದ ಬಂದವನು ಚಪ್ಪಲಿ ಬಿಡುವುದನ್ನೂ ಮರೆತು ಕೂತುಬಿಟ್ಟ. ಸಂತೋಷ, ತುಂಬ ಸಂತೋಷ.

ಈಗ ಕೂತುಕೊಂಡು ಓದು. ನಡೆಯುತ್ತಾ ಓದಬೇಡ.

ನಿನ್ನ ಪತ್ರಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಇನ್ನೊಂದು ಸಲ ಓದಿದೆ. ಮಾರ್ಚ್‌ನಲ್ಲಿ ಏನು ಬರೆದಿದ್ದೆ? ಹುಡುಗರ ಗುಂಪು ಅಡ್ಡ ಬಂತು, ಅವರು ಸರಿದಾಗ ಅವಳು ಲೇನಿನಿಂದ ಹೊರಗೆ ಬರುತ್ತಿದ್ದಳು, ಶೂ ಗುರುತು ಇತ್ತು ಅಂತ. ಈಗ ಕೈ ಇಟ್ಟದ್ದನ್ನು ಕಣ್ಣಾರೆ ನೋಡಿದೆ ಅನ್ನುತ್ತೀಯ. ಯಾವಾಗ ನೋಡಿದೆ? ಎರಡು ಸಲ ಬಾಯಿ ಬಿಟ್ಟರೆ ಎರಡು ಕಥೆ ಹೇಳುವವರನ್ನು ನಾನು ಬಾಗಿಲಲ್ಲಿ ದಿನಾ ನೋಡುತ್ತೇನೆ. ನಮ್ಮ ಮನೆಯ ಹುಡುಗಿಯನ್ನೂ ಹಾಗೆ ನೋಡಬೇಕಾಗುತ್ತದೆ ಅಂತ ಎಣಿಸಿರಲಿಲ್ಲ. ಅವಳು ಅತ್ತಳಾ ಅಂತ ಕೇಳಿದ್ದಕ್ಕೂ ಉತ್ತರ ಇಲ್ಲ.

ಎರಡನೆಯದು. ಮನೆಗೆ ಹೋದವಳು ಹೇಗೆ ಹರ್ಡಲ್ ಸರಿಸುತ್ತಾಳೆ? ಟ್ರಂಕು ಹೊತ್ತ ಮುದುಕನನ್ನು ಹಿಡಿದುಕೊಂಡಿದ್ದೀಯಲ್ಲ, ನಾಳೆ ಡಾಕ್ಟರು, ನಾಡಿದ್ದು ಮೇಡಂ. ಹೀಗೇ ಹೋದರೆ ಕಡೆಗೆ ನಾನೇ ಉಳಿಯುವುದು.

ಹೌದು, ನಾನೇ. ಅದೇ ಮೂರನೆಯದು. ಅಂಗಡಿಯವನ ಹತ್ತಿರ ನಿನ್ನ ಅಳತೆಯ ಶೂ ಇರಲಿಲ್ಲ. ಆ ಬಣ್ಣದಲ್ಲಿ ಇದ್ದದ್ದು ಎರಡು ನಂಬರ್ ದೊಡ್ಡದು. ಮಕ್ಕಳಿಗೆ ಬೆಳೆಯುತ್ತಾರೆ ಅಂತ ಕೊಳ್ಳುವುದಿಲ್ಲವೇ, ಹಾಗೆ ಕೊಂಡುಬಿಟ್ಟೆ. ನೀನೇನು ಇನ್ನು ಬೆಳೆಯುವವಳಲ್ಲ ಅಂತ ಗೊತ್ತಿತ್ತು. ದಪ್ಪ ಕಾಲುಚೀಲ ಹಾಕಿಕೊಳ್ಳುತ್ತಾಳೆ, ಬಿಡು ಅಂದುಕೊಂಡೆ. ನಿನಗೆ ಹೇಳಿದರೆ ವಾಪಸ್ಸು ಕಳಿಸುತ್ತೀಯ ಅಂತ ಹೇಳಲಿಲ್ಲ. ನೀನು "ಅಚ್ಚು ತೆಗೆದ ಹಾಗಿವೆ" ಅಂತ ಬರೆದಾಗ ನನಗೆ ನಗು ಬಂತು, ಸುಳ್ಳಾದರೂ ಎಷ್ಟು ಚೆನ್ನಾಗಿ ಹೇಳುತ್ತಾಳೆ ಅಂತ. ನನ್ನ ಮನಸ್ಸು ನೋಯಬಾರದು ಅಂತ ಹೇಳಿದೆ, ಗೊತ್ತು.

ನೆನ್ನೆ ಅಂಗಡಿಯಲ್ಲಿ ಒಬ್ಬಳು ಪರದೆ ಬಟ್ಟೆ ಕೊಳ್ಳಲು ಬಂದು, ಕಿಟಕಿಯನ್ನು ಮೊಳದಲ್ಲಿ ಅಳೆದುಕೊಂಡು ಬಂದಿದ್ದೇನೆ ಅಂದಳು. ಯಾರ ಮೊಳ ಅಂತ ಕೇಳಿದ ಮಾರುವವ. ಗಂಡನ ಮೊಳ ಅಂದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ, ನಿನ್ನ ನೆನಪಾಯಿತು. ನೀನು ಬ್ಲಾಕ್ ಅಳೆಯುವುದು ಪಾದದಲ್ಲಿ. ಬರಿಗಾಲಲ್ಲೋ, ಶೂ ಹಾಕಿಕೊಂಡೋ?

ಇದು ನನ್ನ ಊಹೆ ಅಷ್ಟೆ. ಸುಳ್ಳಾಗಲಿ ಅಂತ ಬೇಡಿಕೊಳ್ಳುತ್ತಿದ್ದೇನೆ. ಒಂದು ವೇಳೆ ನಿಜವಾಗಿದ್ದರೆ, ಓಟ ಮುಗಿಯುವವರೆಗೂ ಬಾಯಿ ಬಿಡಬೇಡ. ಇಷ್ಟು ವರ್ಷದ ದುಡಿಮೆ. ಓಡಿ ಮುಗಿಸಿ ಮನೆಗೆ ಬಾ, ಆಮೇಲೆ ಇಬ್ಬರೂ ಕೂತು ಏನು ಮಾಡೋಣ ನೋಡೋಣ. ದೊಡ್ಡವಳಾಗಿ ಹೇಳುತ್ತಿದ್ದೇನೆ, ಕೇಳು.

ನಿನ್ನ ಅತ್ತಿಗೆ

---

ಮೇ 9

ಅತ್ತಿಗೆ,

ನಿಮ್ಮ ಪತ್ರ ಇವತ್ತು ಬೆಳಿಗ್ಗೆ ಡಾಕ್ಟರ್ ಕೈಯಿಂದ ಸಿಕ್ಕಿತು. ಮಧ್ಯಾಹ್ನ ಹೀಟ್ಸ್, ಫೈನಲ್‌ಗೆ ಯಾರು ಅಂತ ಆರಿಸುವ ಓಟ. ನೀವು ಹೇಳಿದ ಹಾಗೆ ಕೂತುಕೊಂಡೇ ಓದಿದೆ.

ಶೂ ಹಾಕಿಕೊಂಡೇ ಅಳೆಯುತ್ತೇನೆ. ಯಾವಾಗಲೂ.

ಹಳೇ ಜೋಡಿ ಚೀಲದ ತಳದಲ್ಲಿತ್ತು. ತೆಗೆದು ಹೊಸದರ ಪಕ್ಕ ಇಟ್ಟೆ, ಹಿಮ್ಮಡಿಗೆ ಹಿಮ್ಮಡಿ ಸೇರಿಸಿ. ನೀಲಿ ಶೂ ಮುಂದೆ ಚಾಚಿಕೊಂಡಿತ್ತು. ಅಳೆದ ಒಂದೊಂದು ಪಾದಕ್ಕೂ ಬ್ಲಾಕು ಅಷ್ಟಷ್ಟು ಹಿಂದಕ್ಕೆ ಹೋಗಿದೆ. ಇಷ್ಟು ದಿನ ಇವೆರಡೂ ಒಂದೇ ಚೀಲದಲ್ಲಿದ್ದವು, ಒಂದು ಸಲವೂ ನಾನು ಹೀಗೆ ಇಟ್ಟು ನೋಡಿರಲಿಲ್ಲ. ಮೊದಲ ದಿನವೇ ದೊಡ್ಡದು ಅಂತ ಗೊತ್ತಿತ್ತು, ಎರಡು ಜೊತೆ ಕಾಲುಚೀಲ ಹಾಕಿಕೊಂಡೆ. ಓಡಲು ತೊಂದರೆ ಇರಲಿಲ್ಲ. ಅಳತೆ ನನ್ನ ತಲೆಗೇ ಬರಲಿಲ್ಲ. ಪಾದ ನನ್ನದೇ ಅಲ್ಲವಾ ಅಂತ.

ಮಧ್ಯಾಹ್ನ ಬಾಯಿ ಬಿಟ್ಟ ಹಳೇ ಶೂಗೆ ಅಂಟು ಟೇಪು ಸುತ್ತಿ ಹಾಕಿಕೊಂಡೆ. ಗೆರೆಯಿಂದ ಅದರಲ್ಲೇ ಅಳೆದೆ. ಗುಂಡಿನ ಸದ್ದಾಯಿತು. ಮೊದಲನೆಯ ಹರ್ಡಲ್ ಬಂದದ್ದೂ ಗೊತ್ತಾಗಲಿಲ್ಲ, ದಾಟಿದ್ದೂ ಗೊತ್ತಾಗಲಿಲ್ಲ. ಕೊನೆಯ ಗೆರೆ ಮುಟ್ಟಿದಾಗ ನಾನೇ ಮುಂದೆ ಇದ್ದೆ. ಮೇಡಂ ಓಡಿಬಂದು ತಬ್ಬಿಕೊಂಡರು. ನನಗೆ ಉಸಿರು ಸಿಗುತ್ತಿರಲಿಲ್ಲ, ಓಡಿದ್ದಕ್ಕಲ್ಲ.

ನೀವು ಎರಡು ಸಲ ಕೇಳಿದಿರಿ. ಅತ್ತಳು, ಅತ್ತಿಗೆ. ಮ್ಯಾನೇಜರ್ ಕೋಣೆಯಿಂದ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತಳು. ನಾನು ಅವಳನ್ನು ದಾಟಿಕೊಂಡು ಇಳಿದುಹೋದೆ. ನಿಮಗೆ ಬರೆಯಲಿಲ್ಲ, ಯಾಕೆಂದರೆ ಬರೆದರೆ ನೀವು ಏನನ್ನುತ್ತೀರಿ ಅಂತ ಗೊತ್ತಿತ್ತು.

ಕೈ ಇಟ್ಟದ್ದನ್ನು ನಾನು ನೋಡಿಲ್ಲ. ಮ್ಯಾನೇಜರ್, "ಗುರುತು ಇದ್ದ ಮಾತ್ರಕ್ಕೆ ಏನೂ ಮಾಡೋಕಾಗಲ್ಲ ಕಣಮ್ಮ, ನೀನು ಕಣ್ಣಾರೆ ನೋಡಿದ್ಯಾ?" ಅಂದರು. ಅವಳೇ ಮಾಡಿದ್ದು ಅಂತ ನನಗೆ ಅಷ್ಟು ಖಾತ್ರಿ ಇತ್ತು. ನೋಡಿದೆ ಅಂದುಬಿಟ್ಟೆ. ಹೇಳಿದ ಮೇಲೆ ನಿಜವಾಗಿ ನೋಡಿದ ಹಾಗೇ ಅನ್ನಿಸತೊಡಗಿತು. ಅವಳ ಬೆರಳು, ಉಗುರು, ಎಲ್ಲ ಕಣ್ಣ ಮುಂದೆ ಬರುತ್ತಿತ್ತು.

ನಾಳೆ ಸಂಜೆ ಫೈನಲ್. ಈಗ ಹೋಗಿ ಮೇಡಂಗೆ ಹೇಳಿದರೆ ಓಡಲು ಬಿಡುತ್ತಾರೋ ಇಲ್ಲವೋ ಗೊತ್ತಿಲ್ಲ. ನೀವು ಬಾಯಿ ಬಿಡಬೇಡ ಅಂದಿದ್ದೀರಿ. ನೀವು ಹೇಳಿದ್ದನ್ನು ನಾನು ಯಾವತ್ತೂ ಮೀರಿಲ್ಲ. ಪೌಡರ್ ಹಾಕು ಅಂದಿರಿ, ಹಾಕಿದೆ.

ಏನು ಮಾಡುತ್ತೇನೆ ಅಂತ ನನಗೇ ಗೊತ್ತಿಲ್ಲ. ಅದಕ್ಕೇ ಈ ಪತ್ರವನ್ನು ಈಗಲೇ ಅಂಟಿಸಿ ಹಾಕುತ್ತಿದ್ದೇನೆ. ಆಮೇಲೆ ಇದಕ್ಕೆ ಏನಾದರೂ ಸೇರಿಸಿ ಒಳ್ಳೆಯವಳಾಗುವುದು ಬೇಡ.

ಮಿಡತೆ

---

ಮೇ 12

ಮಿಡತೆ,

ಮೂರನೆಯವಳು. ಇಡೀ ಖಂಡಕ್ಕೆ ಮೂರನೆಯವಳು. ನಿನ್ನಣ್ಣ ಬೀದಿಯವರಿಗೆಲ್ಲ ಹೇಳಿ ಹೇಳಿ ಗಂಟಲು ಕಟ್ಟಿಸಿಕೊಂಡಿದ್ದಾನೆ, ಈಗ ಕೈಸನ್ನೆಯಲ್ಲಿ ಹೇಳುತ್ತಿದ್ದಾನೆ.

ನಾನು ನೋಡಿದ್ದು ಅಂಗಡಿಯಲ್ಲಿ. ಗಿರಾಕಿಗಳಿಗೆ ಸೀರೆ ತೋರಿಸುವ ದೊಡ್ಡ ಟಿವಿಯಲ್ಲಿ ಮಾಲೀಕರೇ ಹಾಕಿಸಿದರು, ಸದ್ದು ಮಾತ್ರ ಇರಲಿಲ್ಲ. ನೀನು ಗೆರೆಯ ಹತ್ತಿರ ಬಗ್ಗಿ ಪಾದದಲ್ಲಿ ಅಳೆಯುವುದು ಕಂಡೆ. ಕಾಲಲ್ಲಿ ನೀಲಿ ಇರಲಿಲ್ಲ. ಹಳೇ ಶೂಗೆ ಬಿಳೀ ಟೇಪು. ಎಲ್ಲರೂ ಕೂಗುತ್ತಿದ್ದರು, ನಾನು ಅಲ್ಲೇ ಬಟ್ಟೆ ಗಂಟಿನ ಮೇಲೆ ಕೂತುಬಿಟ್ಟೆ. ನನ್ನ ಪತ್ರ ಸಿಕ್ಕಿದೆ ಅಂತ ಗೊತ್ತಾಯಿತು. ಊಹೆ ನಿಜ ಅಂತಲೂ ಗೊತ್ತಾಯಿತು.

ಆಮೇಲೆ ಯಾರೋ ನಿನ್ನ ಮುಂದೆ ಮೈಕ್ ಹಿಡಿದರು. ನೀನು ಮಾತಾಡಿದೆ. ಮೈಕ್ ಹಿಡಿದವಳ ಮುಖದ ನಗು ಮೆಲ್ಲಗೆ ಇಳಿಯಿತು. ಹಿಂದೆ ನಿಂತಿದ್ದ ದಪ್ಪ ಕನ್ನಡಕದ ಹೆಂಗಸು, ಅವರೇ ನಿಮ್ಮ ಮೇಡಂ ಇರಬೇಕು, ನಿನ್ನ ತೋಳು ಹಿಡಿದು ಎಳೆದರು. ನೀನು ಕೊಸರಿಕೊಂಡು ಅಳುತ್ತಲೇ ಮಾತು ಮುಗಿಸಿದೆ. ಅಂಗಡಿಯವರೆಲ್ಲ ಆನಂದಬಾಷ್ಪ ಅಂದರು. ಅಂಗಡಿಗೇ ಓಡಿಬಂದಿದ್ದ ನಿನ್ನಣ್ಣನೂ ಅದನ್ನೇ ಅಂದ. ಮುಖ ನೋಡುವುದೇ ನನ್ನ ಹೊಟ್ಟೆಪಾಡು, ನನಗೆ ಹೇಳಬೇಡ. ಗೆದ್ದವಳ ಮುಖ ಅಲ್ಲ ಅದು.

ಏನು ಹೇಳಿದೆ? ನಾನು ಬೇಡ ಅಂದಿದ್ದನ್ನೇ ಹೇಳಿದೆಯಾ? ನಾನು ಹಾಗೆ ಬರೆಯಬಾರದಿತ್ತು. ಪತ್ರ ಡಬ್ಬಿಗೆ ಹಾಕಿದ ಮೇಲೆ ಅದನ್ನೇ ಯೋಚಿಸುತ್ತಿದ್ದೇನೆ. ಬೇಗ ಬರಿ. ಸುಳ್ಳು ಮಾತ್ರ ಬರೆಯಬೇಡ, ನನ್ನ ಮನಸ್ಸು ನೋಯಿಸದಿರಲು ಕೂಡ.

ಅತ್ತಿಗೆ

---

ಮೇ 27

ಅತ್ತಿಗೆ,

ಹೇಳಿದೆ. ಫೈನಲ್‌ನ ಹಿಂದಿನ ದಿನವಲ್ಲ. ಮೇಡಂ ಕೋಣೆಯ ಬಾಗಿಲವರೆಗೂ ಹೋಗಿ ವಾಪಸ್ಸು ಬಂದೆ. ಪದಕ ಬೇಕಿತ್ತು. ಓಡಿದೆ, ಸಿಕ್ಕಿತು. ಆಮೇಲೆ ಮೈಕ್ ಬಂದಾಗ, ನನ್ನ ಜಾಗದಲ್ಲಿ ಇಲ್ಲಿ ಇನ್ನೊಬ್ಬಳು ಇರಬಹುದಿತ್ತು, ಅವಳು ಏನೂ ಮಾಡಿರಲಿಲ್ಲ, ನಾನು ಸುಳ್ಳು ಹೇಳಿದೆ ಅಂದೆ. ಧೈರ್ಯ ಅಂತ ಯಾರೂ ಅನ್ನಲಿಲ್ಲ. ಅನ್ನುವಂಥದ್ದೂ ಅಲ್ಲ. ಪದಕ ಕೈಗೆ ಬಂದ ಮೇಲೆ ನಿಜ ಹೇಳುವುದು ಸುಲಭ.

ಅವಳಿಗೆ ಕೊಟ್ಟಿದ್ದ ಒಂದು ವರ್ಷದ ಶಿಕ್ಷೆ ಈಗ ನನ್ನದು. ಅವಳನ್ನು ಶಿಬಿರಕ್ಕೆ ವಾಪಸ್ಸು ಕರೆದಿದ್ದಾರೆ. ಆದರೆ ಖಂಡದ ಕೂಟ ಮುಗಿದುಹೋಯಿತಲ್ಲ. ಇನ್ನೊಂದು ಬರುವಷ್ಟರಲ್ಲಿ ನಮಗಿಬ್ಬರಿಗೂ ವಯಸ್ಸು ಮೀರಿರುತ್ತದೆ.

ಪೌಡರ್ ನಿಮ್ಮದು ಅಂತ ನೀವು ಕೊರಗಬೇಡಿ. ಸುಳ್ಳು ನನ್ನದು.

ಶಿಬಿರದಿಂದ ನೇರ ಮನೆಗೆ ಬರಲು ಮನಸ್ಸಾಗಲಿಲ್ಲ. ಅವಳ ಊರಿಗೆ ಹೋದೆ. ಅವಳ ತಾಯಿಯದು ಇಸ್ತ್ರಿ ಅಂಗಡಿ, ಒಂದು ಬಾಗಿಲು, ಒಂದು ಮೇಜು. ಕೊಕ್ಕರೆ ಹಾಸಿಗೆಯ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ನನ್ನ ನೋಡಿದಳು, ಕೈ ನಿಲ್ಲಿಸಲಿಲ್ಲ.

"ಯಾರಮ್ಮ ನೀನು?" ಅಂತ ಅವಳ ತಾಯಿ ಕೇಳಿದರು. ನಾನು ಬಾಯಿ ಬಿಡುವಷ್ಟರಲ್ಲಿ ಅವಳೇ, "ಶಿಬಿರದವಳು," ಅಂದಳು. ತಾಯಿ ಕುರ್ಚಿಯ ಮೇಲಿನ ಬಟ್ಟೆ ತೆಗೆದು ಕೂರಿಸಿದರು, ನೀರು ಕೊಟ್ಟರು, "ನನ್ನ ಮಗಳಿಗೆ ಅನ್ಯಾಯ ಮಾಡಿದ್ಲಲ್ಲ ಒಬ್ಬಳು, ಅವಳ ರೂಮಿನ ಹತ್ರಾನೇ ಇದ್ಯಾ ನೀನು?" ಅಂದರು. ಹೂಂ ಅಂದೆ. ಕೊಟ್ಟ ನೀರು ಕುಡಿದೆ. ತಾಯಿ ಒಗೆದ ಬಟ್ಟೆ ತರಲು ಒಳಗೆ ಹೋದರು.

"ತಪ್ಪಾಯ್ತು ಕಣೇ," ಅಂದೆ.

"ಟಿವೀಲಿ ನೋಡ್ದೆ," ಅಂದಳು. ಒಂದು ಬಟ್ಟೆ ಮಡಚಿಟ್ಟು ಇನ್ನೊಂದು ಹಾಸಿದಳು.

"ಅವತ್ತು ನನ್ನ ಬ್ಲಾಕ್ ಹತ್ರ ಯಾಕೆ ಬಂದಿದ್ದೆ?"

ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕೆ ಇಟ್ಟಳು. ಆಮೇಲೆ ಹೇಳಿದಳು. "ಹೊಸ ಶೂ ಬಂದ ಮೇಲೆ ನಿನ್ನ ಬ್ಲಾಕು ದಿನಾ ಹಿಂದಕ್ಕೆ ಬೀಳ್ತಿತ್ತು. ನನಗೆ ಮೊದಲೇ ಗೊತ್ತಾಯ್ತು. ಹೇಳೋಣ ಅನ್ಸೋದು. ಹೇಳಿದ್ರೆ ನೀನು ನನ್ನ ಸೋಲಿಸ್ತೀಯ, ಅದಕ್ಕೆ ಸುಮ್ನಾಗ್ತಿದ್ದೆ. ನೀನು ಮೊಣಕಾಲಿಗೆ ಬ್ಯಾಂಡೇಜ್ ಕಟ್ಕೊಂಡು ಓಡೋದು ನೋಡೋಕಾಗ್ಲಿಲ್ಲ. ಅವತ್ತು ಹೇಳೇಬಿಡೋಣ ಅಂತ ಬಂದೆ. ಮೊದ್ಲು ಟೇಪು ಹಿಡಿದು ಖಾತ್ರಿ ಮಾಡ್ಕೊಳ್ಳೋಣ ಅಂತ ಹತ್ರ ಹೋದ್ರೆ ಕಾಲೆಲ್ಲ ಪೌಡರು."

"ಮ್ಯಾನೇಜರ್ ಕೇಳಿದಾಗ ಹೇಳ್ಬಾರದಿತ್ತಾ?"

"ಅಷ್ಟು ದಿನ ಗೊತ್ತಿದ್ದೂ ಯಾಕೆ ಸುಮ್ನಿದ್ದೆ ಅಂತ ಕೇಳ್ತಿದ್ರು. ನಾಚಿಕೆ ಆಯ್ತು. ಆಮೇಲೆ ನೀನು ಕೈ ನೋಡ್ದೆ ಅಂದ್ಯಂತೆ. ಅದನ್ನ ಕೇಳಿದ ಮೇಲೆ ನಿನ್ನ ಮುಂದೆ ನಿಜ ಹೇಳೋದೇ ಬೇಡ ಅನ್ನಿಸ್ತು."

ತಾಯಿ ಬಟ್ಟೆ ಹೊತ್ತು ಬಂದರು. ನಾನು ಎದ್ದೆ. ಕ್ಷಮಿಸಿದ್ದೇನೆ ಅಂತ ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾನು ಯಾರು ಅಂತ ಅವಳು ಕಡೆಯವರೆಗೂ ತಾಯಿಗೆ ಹೇಳಲಿಲ್ಲ. ಅದೊಂದು ಉಪಕಾರ ಮಾಡಿದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಊರು ದಾಟುವವರೆಗೂ ಅವಳ ಮಾತೇ ಕಿವಿಯಲ್ಲಿತ್ತು. ಆಮೇಲೆ ಒಂದು ಯೋಚನೆ ಬಂತು, ಯಾರೂ ಕರೆಯದೆ ತಾನಾಗಿ ಬಂತು. ಹೇಳಲು ಬಂದಿದ್ದೆ ಅಂದಳಲ್ಲ, ಅದು ನಿಜವಾ? ಕೈಯಲ್ಲಿ ಟೇಪು ಇದ್ದದ್ದು ನಾನು ನೋಡಿಲ್ಲ. ಇಷ್ಟು ದಿನ ಕೂತು ಕಟ್ಟಿದ ಕಥೆ ಇರಬಹುದಲ್ಲ? ಬಾಟಲಿ ಅಂತ ಒಂದು ಸುಳ್ಳು ಹೇಳಿದವಳು ಇನ್ನೊಂದು ಹೇಳುವುದಿಲ್ಲವಾ?

ಅತ್ತಿಗೆ, ಅವಳ ಮನೆಯಲ್ಲಿ ನೀರು ಕುಡಿದು ಬಂದು ಇನ್ನೂ ಬಾಯಿ ಒಣಗಿರಲಿಲ್ಲ. ಅಳು ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದ ಹೆಂಗಸು ನಾನು ಯಾರನ್ನೋ ಕಳೆದುಕೊಂಡಿದ್ದೇನೆ ಅಂದುಕೊಂಡು ಬೆನ್ನು ಸವರಿದಳು.

ಶನಿವಾರ ಮನೆಗೆ ಬರುತ್ತೇನೆ. ಅವಳ ಮಾತು ನಿಜವೋ ಸುಳ್ಳೋ ಅಂತ ನಿಮಗೆ ಓದಿದ ಕೂಡಲೇ ಗೊತ್ತಾಗಿರುತ್ತದೆ. ನನಗೆ ಹೇಳಬೇಡಿ. ನಾನೇ ನಂಬಿ ನೋಡುತ್ತೇನೆ.

ಮಿಡತೆ